ಬಾರದ ಹಲ್ಲಿಗೆ ಅಡ್ಡ ನಿಂತ ಗಂಟು

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಮಕ್ಕಳ ಹಲ್ಲಿಗೆ ಏನಾದರೂ ಮೊದಲು ಬೈಸಿಕೊಳ್ಳುವುದು ಬೋರ್‌ವೆಲ್ ನೀರು. ಅದರಲ್ಲಿ ನ್ಯಾಯವೂ ಇದೆ. ಇಲ್ಲಿನ ಎಷ್ಟೋ ಊರುಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಹಲ್ಲಿಗೆ ಕಂದು ಕಲೆ ಬರುವುದು ಅದರಿಂದ. ಆದರೆ ಎಂಟು ವರ್ಷದ ಮಗುವಿಗೆ ಮೇಲಿನ ಮುಂದಿನ ಹಲ್ಲು ಒಂದು ಕಡೆ ಬಂದು, ಪಕ್ಕದ್ದು ಬಾರದೇ ಉಳಿದಿದ್ದರೆ ನೀರನ್ನು ದೂರಿ ಸುಮ್ಮನಾಗಬೇಡಿ. ಒಳಗೆ ಓಡಾಂಟೋಮಾ ಇರಬಹುದು.

ಇದೊಂದು ಗಂಟು. ಗಂಟು ಅಂದ ತಕ್ಷಣ ಎದೆ ಧಸಕ್ ಅನ್ನುತ್ತದೆ, ಅಲ್ವಾ? ಇದು ಕ್ಯಾನ್ಸರ್ ಅಲ್ಲ. ಹಲ್ಲು ಕಟ್ಟುವ ಜೀವಕೋಶಗಳು ದಾರಿ ತಪ್ಪಿ, ಬೇಡದ ಜಾಗದಲ್ಲಿ ಕೆಲಸ ಮಾಡಿದಾಗ ಹುಟ್ಟುವಂಥದ್ದು. ಎನಾಮಲ್ (ಹಲ್ಲಿನ ಹೊರಗಿನ ಗಟ್ಟಿ ಹೊದಿಕೆ), ಡೆಂಟಿನ್ (ಅದರ ಒಳಪದರ), ತಿರುಳು ಎಲ್ಲವೂ ಇದರಲ್ಲಿರುತ್ತವೆ. ಒಂದು ಬಗೆಯಲ್ಲಿ ಅಕ್ಕಿಕಾಳಿನಂಥ ಪುಟ್ಟ ಹಲ್ಲುಗಳೇ ಒಂದು ಚೀಲದಲ್ಲಿ ತುಂಬಿರುತ್ತವೆ. ಇದು ಹೆಚ್ಚಾಗಿ ಮೇಲಿನ ದವಡೆಯ ಮುಂಭಾಗದಲ್ಲಿ ಕಾಣುತ್ತದೆ. ಇನ್ನೊಂದು ಬಗೆಯಲ್ಲಿ ಆಕಾರವೇ ಇಲ್ಲದ ಗಟ್ಟಿ ಉಂಡೆ. ಅದರ ಜಾಗ ಸಾಮಾನ್ಯವಾಗಿ ಕೆಳದವಡೆಯ ಹಿಂಭಾಗ.

2019ರಲ್ಲಿ ಚೆನ್ನೈನ ದಂತ ವೈದ್ಯರು ಏಳು ವರ್ಷದ ಹುಡುಗನೊಬ್ಬನ ಕೆಳದವಡೆಯಿಂದ ಇಂಥ ಚೀಲ ತೆಗೆದರು. ತೂಕ ಸುಮಾರು 200 ಗ್ರಾಂ. ಒಳಗಿದ್ದ ಹಲ್ಲುಗಳು 526! ಊತ ಮೊದಲು ಕಂಡಾಗ ಅವನಿಗೆ ಮೂರೇ ವರ್ಷ. ಇಷ್ಟು ದೊಡ್ಡದು ತೀರಾ ಅಪರೂಪ. ಹಾಲುಹಲ್ಲಿನ ವಯಸ್ಸಿನಲ್ಲಿ ಓಡಾಂಟೋಮಾ ಕಾಣುವುದೇ ಕಡಿಮೆ.

ಸಾಮಾನ್ಯವಾಗಿ ಇದು ನೋಯುವುದಿಲ್ಲ, ಮುಖ ಊದುವುದೂ ಇಲ್ಲ. ಅದಕ್ಕೇ ಮನೆಯವರಿಗೆ ಗೊತ್ತಾಗುವುದಿಲ್ಲ. ಹಾಲುಹಲ್ಲು ಬೀಳದೆ ಕೂತಿರುತ್ತದೆ, ಅಥವಾ ಬಿದ್ದ ಜಾಗ ಖಾಲಿಯೇ ಇರುತ್ತದೆ. 'ಬರುತ್ತೆ ಬಿಡಿ, ಕೆಲವರಿಗೆ ತಡ' ಅಂತ ಅಜ್ಜಿ ಹೇಳುತ್ತಾರೆ. ಎಷ್ಟೋ ಸಲ ಆ ಮಾತು ನಿಜವೂ ಆಗುತ್ತದೆ. ಆದರೆ ಜೋಡಿ ಹಲ್ಲು ಬಂದು ಆರು ತಿಂಗಳು ಕಳೆದರೂ ಇದು ಬರದಿದ್ದರೆ ಒಂದು ಎಕ್ಸ್‌ರೇ ತೆಗೆಸಲೇಬೇಕು. ತುಮಕೂರಿನಲ್ಲಿ, ಕೆಜಿಎಫ್‌ನಲ್ಲಿ ದಂತ ಕಾಲೇಜುಗಳೇ ಇವೆ. ಇದಕ್ಕಾಗಿ ಬೆಂಗಳೂರಿಗೆ ಓಡಬೇಕಿಲ್ಲ.

ಚಿಕಿತ್ಸೆ ಸರಳ. ವಸಡು ಬಿಡಿಸಿ ಗಂಟನ್ನು ಪೂರ್ತಿ ತೆಗೆದು, ಪರೀಕ್ಷೆಗೆ ಕಳಿಸುತ್ತಾರೆ. ಪೂರ್ತಿ ತೆಗೆದರೆ ಮತ್ತೆ ಬರುವುದು ತೀರಾ ಕಡಿಮೆ. ಸಿಕ್ಕಿಬಿದ್ದ ಹಲ್ಲಿನ ಬೇರು ಇನ್ನೂ ಬೆಳೆಯುತ್ತಿದ್ದರೆ ಆ ಹಲ್ಲು ಎಷ್ಟೋ ಸಲ ತಾನೇ ಇಳಿದು ಬರುತ್ತದೆ. ಬೇರು ಬೆಳೆದು ಮುಗಿದಿದ್ದರೆ ಹಲ್ಲಿಗೆ ಬ್ರಾಕೆಟ್ ಎಂಬ ಪುಟ್ಟ ಕೊಂಡಿ ಅಂಟಿಸಿ, ತಿಂಗಳುಗಟ್ಟಲೆ ನಿಧಾನವಾಗಿ ಎಳೆದು ಸಾಲಿಗೆ ತರಬೇಕಾಗುತ್ತದೆ.