ಅಲುಗಿಸದೆ ತೊಳೆಯುವ ಫಿಲ್ಮ್

ಕಪ್ಪು-ಬಿಳುಪು ಫಿಲ್ಮನ್ನು ಮನೆಯಲ್ಲೇ ತೊಳೆಯುವವರು ಇಂದಿಗೂ ಬಳಸುವ ಡೆವಲಪರ್‌ಗಳಲ್ಲಿ, ಅಂದರೆ ಫಿಲ್ಮಿನಲ್ಲಿ ಅಡಗಿದ ಬಿಂಬವನ್ನು ಮೂಡಿಸುವ ದ್ರಾವಣಗಳಲ್ಲಿ, ರೋಡಿನಾಲ್ ಬಹಳ ಹಳೆಯದು. ಪ್ಯಾರಾ-ಅಮೈನೊಫೀನಾಲ್ ಆಧಾರಿತವಾದ ಈ ದ್ರಾವಣಕ್ಕೆ ಜರ್ಮನಿಯ ಮೊಮ್ಮೆ ಆಂಡ್ರೆಸೆನ್ 1891ರಲ್ಲಿ ಪೇಟೆಂಟ್ ಪಡೆದರು. ಆಗ್ಫಾ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಬಾಟಲಿ ತೆರೆದು ವರ್ಷಗಳು ಕಳೆದು, ಒಳಗಿನ ದ್ರವ ಕಡುಕಂದು ಬಣ್ಣಕ್ಕೆ ತಿರುಗಿದ ಮೇಲೂ ಅದು ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಇದರ ಒಂದು ಪಾಲಿಗೆ 25 ಅಥವಾ 50 ಪಾಲು ನೀರು ಬೆರೆಸಿ, ಫಿಲ್ಮ್ ಇಟ್ಟ, ಬೆಳಕು ನುಗ್ಗದ ಟ್ಯಾಂಕನ್ನು ಆಗಾಗ ತಿರುಗಿಸುತ್ತ ಸಂಸ್ಕರಿಸುತ್ತಾರೆ. ಇದಕ್ಕಿಂತ ಬೇರೆಯಾದ ಕ್ರಮವೊಂದಿದೆ: ಅರ್ಧ ಲೀಟರ್ ನೀರಿಗೆ 5 ಮಿ.ಲೀ. ರೋಡಿನಾಲ್ ಮಾತ್ರ ಸೇರಿಸಿ, ಮೊದಲ ಒಂದು ನಿಮಿಷ ಮೆಲ್ಲಗೆ ಅಲುಗಿಸಿ, ಆಮೇಲೆ ಸುಮಾರು ಒಂದು ಗಂಟೆ ಟ್ಯಾಂಕನ್ನು ಮುಟ್ಟದೆ ಬಿಡುವುದು.

ಇಷ್ಟು ತೆಳುವಾದ ದ್ರಾವಣ ಏನು ಮಾಡುತ್ತದೆಂದು ತಿಳಿಯಲು ಫಿಲ್ಮಿನ ಮೇಲ್ಪದರವನ್ನು ನೋಡಬೇಕು. ಅಲ್ಲಿ ಜೆಲಾಟಿನ್‌ನೊಳಗೆ ಸಿಲ್ವರ್ ಬ್ರೋಮೈಡಿನ ಸೂಕ್ಷ್ಮ ಹರಳುಗಳು ಹುದುಗಿರುತ್ತವೆ. ಬೆಳಕು ಬಿದ್ದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಗುಂಪುಗೂಡುತ್ತವೆ. ಡೆವಲಪರ್ ಆ ಗುಂಪಿನಿಂದ ಆರಂಭಿಸಿ ಹರಳನ್ನೇ ಬೆಳ್ಳಿಯಾಗಿಸುತ್ತದೆ. ಈ ಬೆಳ್ಳಿ ಕಪ್ಪಾಗಿ ಕಾಣುವುದರಿಂದ, ಹೆಚ್ಚು ಬೆಳಕು ಬಿದ್ದ ಭಾಗವೇ ನೆಗೆಟಿವ್‌ನಲ್ಲಿ ಹೆಚ್ಚು ಕಪ್ಪು. ಈ ಕ್ರಿಯೆಯಲ್ಲಿ ಡೆವಲಪರ್ ಖರ್ಚಾಗುತ್ತದೆ, ಜೊತೆಗೆ ಬ್ರೋಮೈಡ್ ಬಿಡುಗಡೆಯಾಗಿ ಮುಂದಿನ ಕ್ರಿಯೆಗೆ ತಡೆಯೊಡ್ಡುತ್ತದೆ. ಬಿಸಿಲಿನ ಆಕಾಶ ಮೂಡಿದ ಭಾಗದಲ್ಲಿ ಕೆಲಸ ಹೆಚ್ಚು. ಅಲ್ಲಿನ ಡೆವಲಪರ್ ಬೇಗ ಮುಗಿಯುತ್ತದೆ, ಅಲುಗಾಟವಿಲ್ಲದ ಕಾರಣ ಹೊಸದು ಸುಲಭವಾಗಿ ಅಲ್ಲಿಗೆ ತಲುಪುವುದಿಲ್ಲ. ನೆರಳಿನ ಭಾಗದಲ್ಲಿ ಖರ್ಚು ಕಡಿಮೆಯಾದ್ದರಿಂದ ಕ್ರಿಯೆ ನಿಧಾನವಾಗಿಯಾದರೂ ಮುಂದುವರಿಯುತ್ತದೆ. ಹೀಗಾಗಿ ಆಕಾಶ ಅತಿಯಾಗಿ ಕಪ್ಪುಗಟ್ಟುವ ಮೊದಲೇ ನಿಲ್ಲುತ್ತದೆ, ಜಗಲಿಯ ಕತ್ತಲಲ್ಲಿ ಕುಳಿತವರ ಮುಖಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ.

ಇದಕ್ಕಿಂತ ಸೊಗಸಾದ ಪರಿಣಾಮ ಕಾಣುವುದು ಅಂಚುಗಳಲ್ಲಿ. ಬೆಳಗುವ ಆಕಾಶಕ್ಕೆದುರಾಗಿ ನಿಂತ ತೆಂಗಿನ ಗರಿಯನ್ನು ನೆಗೆಟಿವ್‌ನಲ್ಲಿ ಭೂತಗನ್ನಡಿ ಹಿಡಿದು ನೋಡಿದರೆ, ಗರಿಯ ಅಂಚಿಗೆ ತಾಗಿದ ಆಕಾಶ ಉಳಿದ ಆಕಾಶಕ್ಕಿಂತ ಒಂದು ಕೂದಲೆಳೆಯಷ್ಟು ಹೆಚ್ಚು ಕಪ್ಪಾಗಿರುವುದು ಗೊತ್ತಾಗುತ್ತದೆ. ಗರಿಯ ಕಡೆ ಬಳಕೆಯಾಗದೆ ಉಳಿದ ಡೆವಲಪರ್ ಗಡಿ ದಾಟಿ ಆಕಾಶದ ಕಡೆಗೆ ಹರಡುತ್ತದೆ. ಅತ್ತಣ ಬ್ರೋಮೈಡ್ ಇತ್ತ ಬಂದು ಗರಿಯ ಅಂಚನ್ನು ಇನ್ನಷ್ಟು ತೆಳುವಾಗಿಸುತ್ತದೆ. ಮ್ಯಾಕಿ ರೇಖೆ ಎಂದು ಕರೆಯುವ ಈ ಗೆರೆ ಚಿತ್ರಕ್ಕೆ ಹೊಸ ವಿವರವನ್ನೇನೂ ಸೇರಿಸುವುದಿಲ್ಲ, ಆದರೆ ಕಣ್ಣಿಗೆ ಚಿತ್ರ ಹರಿತವಾಗಿ ಕಾಣುವಂತೆ ಮಾಡುತ್ತದೆ.

ಯಾವ ಫಿಲ್ಮಾದರೂ ಸರಿ, ಬೆಳಕಿನ ಲೆಕ್ಕ ತಪ್ಪಿದರೂ ಸರಿ, ಒಂದು ಗಂಟೆ ಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂಬ ಮಾತಿದೆಯಲ್ಲ, ಅದನ್ನು ಪೂರ್ತಿ ನಂಬಬೇಕಿಲ್ಲ. ಬೆಳಕೇ ತಲುಪದ ಹರಳಿನಿಂದ ಬಿಂಬವನ್ನು ಹೊರತೆಗೆಯಲು ಯಾವ ಡೆವಲಪರ್‌ಗೂ ಸಾಧ್ಯವಿಲ್ಲ. ಅಲುಗಾಟವಿಲ್ಲದಿರುವುದರಿಂದ ಬರುವ ತೊಂದರೆಯೂ ಇದೆ: ಬ್ರೋಮೈಡ್ ಭಾರದಿಂದ ಕೆಳಗೆ ಇಳಿಯುತ್ತ, ವಿಶೇಷವಾಗಿ 35 ಮಿ.ಮೀ. ಫಿಲ್ಮಿನ ಹಲ್ಲುತೂತುಗಳ ಬಳಿ, ಸಮತಟ್ಟಾದ ಆಕಾಶದ ಮೇಲೆ ಪಟ್ಟೆಗಳನ್ನು ಮೂಡಿಸಬಹುದು. ಅರ್ಧ ಗಂಟೆಯ ಹೊತ್ತಿಗೆ ಟ್ಯಾಂಕನ್ನು ಎರಡು ಬಾರಿ ಮೆಲ್ಲಗೆ ಮಗುಚಿದರೆ ಈ ಅಪಾಯ ಸಾಕಷ್ಟು ತಗ್ಗುತ್ತದೆ. ಅಂಚಿನ ಪರಿಣಾಮ ತುಸು ಕಡಿಮೆಯಾದರೂ ನನ್ನ ಮಟ್ಟಿಗೆ ಇದೇ ಒಳ್ಳೆಯ ರಾಜಿ.

ಅಳತೆಯಲ್ಲಿ ಮಾತ್ರ ಉದಾಸೀನ ಸಲ್ಲದು. ಪ್ಯಾಟರ್ಸನ್ ಕಂಪನಿಯ ಚಿಕ್ಕ ಟ್ಯಾಂಕಿನಲ್ಲಿ ಒಂದು 35 ಮಿ.ಮೀ. ರೀಲು ಮುಳುಗಲು 290 ಮಿ.ಲೀ. ಸಾಕು, ಆದರೆ ಅಷ್ಟರಲ್ಲಿ ರೋಡಿನಾಲ್ 3 ಮಿ.ಲೀ.ಗಿಂತ ಕಡಿಮೆ ಇರುವುದರಿಂದ ಇಡೀ ಫಿಲ್ಮಿಗೆ ಅದು ಸಾಲದೇ ಹೋಗಬಹುದು. ದೊಡ್ಡ ಟ್ಯಾಂಕಿನಲ್ಲಿ ಅರ್ಧ ಲೀಟರ್ ತುಂಬಿ, ಸೂಜಿಯಿಲ್ಲದ ಸಿರಿಂಜಿನಿಂದ 5 ಮಿ.ಲೀ. ಅಳೆಯುವುದು ಉತ್ತಮ, ದ್ರಾವಣ ತೀಕ್ಷ್ಣ ಕ್ಷಾರವಾದ್ದರಿಂದ ಕೈಗವಸು ಬೇಕೇ ಬೇಕು. ಉಷ್ಣತೆ 20 ಡಿಗ್ರಿಯ ಆಸುಪಾಸಿನಲ್ಲಿರಬೇಕು. ನಮ್ಮ ಬೇಸಿಗೆಯಲ್ಲಿ ನಲ್ಲಿ ನೀರು ಅಷ್ಟು ತಣ್ಣಗಿರುವುದಿಲ್ಲವಾದ್ದರಿಂದ, ಮಂಜುಗಡ್ಡೆ ಹಾಕಿ ತಂಪಾಗಿಸಿದ ನೀರಿನ ಬಕೆಟ್ಟಿನಲ್ಲಿ ಟ್ಯಾಂಕನ್ನು ಇಡುವುದು ಸುಲಭ ಉಪಾಯ. ಉಳಿದ ಹರಳುಗಳನ್ನು ಕರಗಿಸಿ ತೆಗೆಯುವ ಫಿಕ್ಸರ್‌ನ ಹಂತ ಮುಗಿದು, ಚೆನ್ನಾಗಿ ತೊಳೆದ ಮೇಲೆ, ಕೊಳವೆಬಾವಿಯ ಗಡಸು ನೀರಿನ ಬಿಳಿ ಕಲೆಗಳು ಉಳಿಯದಂತೆ ಕೊನೆಗೊಮ್ಮೆ ಡಿಸ್ಟಿಲ್ಡ್ ವಾಟರ್‌ನಲ್ಲಿ ಅದ್ದಿ ಒಣಗಿಸಬೇಕು.

ಆದರೆ ಮೋಡ ಕವಿದ ಮಳೆಗಾಲದ ದಿನ ತೆಗೆದ ರೀಲಿಗೆ ಈ ವಿಧಾನ ಹೊಂದುವುದಿಲ್ಲ. ಅಲ್ಲಿ ಬೆಳಕು-ನೆರಳಿನ ಅಂತರ ಮೊದಲೇ ಕಡಿಮೆ. ಅದನ್ನು ಇನ್ನೂ ತಗ್ಗಿಸಿದರೆ ಚಿತ್ರ ಮಂಕಾಗುತ್ತದೆ. ಅಂಥ ಫಿಲ್ಮನ್ನು 50 ಪಾಲು ನೀರಿನ ದ್ರಾವಣದಲ್ಲಿ, ನಿಮಿಷಕ್ಕೊಮ್ಮೆ ತಿರುಗಿಸುತ್ತ, ಹಳೆಯ ಕ್ರಮದಲ್ಲೇ ತೊಳೆಯುವುದು ಮೇಲು.