ಕಾಟಾದ ಅಂಕಿಯ ಹಿಂದಿರುವ ಸರ್ಕ್ಯೂಟ್‌ಗಳ ಕಥೆ

ಭತ್ತದ ಸುಗ್ಗಿ ಬಂತೆಂದರೆ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ ಕಡೆ ವಾಹನ ತೂಗುವ ಕಾಟಾಗಳ (ವೇಬ್ರಿಡ್ಜ್) ಮುಂದೆ ಟ್ರ್ಯಾಕ್ಟರ್‌ಗಳು ಸಾಲು ನಿಲ್ಲುತ್ತವೆ. ಟ್ರಾಲಿ ಮೇಲೆ ಹತ್ತುತ್ತದೆ, ಕೋಣೆಯೊಳಗೆ ಕೆಂಪು ಅಂಕಿ ಓಡಿ ನಿಲ್ಲುತ್ತದೆ, ಚೀಟಿ ಕೈಗೆ ಬರುತ್ತದೆ. ಇಡೀ ಬೆಳೆಯ ಲೆಕ್ಕ ಆ ಚೀಟಿಯ ಮೇಲಿದೆ. ಅದನ್ನು ರೈತ ಅನುಮಾನದಿಂದ ನೋಡಿದರೆ ತಪ್ಪೇನಿಲ್ಲ. ತಕ್ಕಡಿಯ ಕಾಲದಲ್ಲಿ ಎರಡೂ ತಟ್ಟೆ ಕಣ್ಣೆದುರಿಗೇ ಇರುತ್ತಿದ್ದವು, ಈಗ ಕಾಣುವುದು ಬರೀ ಅಂಕಿ. ಆದರೆ ಈ ಯಂತ್ರದ ಒಳಗಿರುವುದೂ ಒಂದು ತಕ್ಕಡಿಯೇ. ಕರೆಂಟಿನ ತಕ್ಕಡಿ. ಅದು ಈಗಿನ ರೂಪಕ್ಕೆ ಬರಲು ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ಕಾಟಾದ ಹಾಸಿನ ಕೆಳಗೆ ಲೋಡ್ ಸೆಲ್ ಎಂಬ ಉಕ್ಕಿನ ಗಟ್ಟಿಗಳಿರುತ್ತವೆ. ಭಾರ ಬಿದ್ದಾಗ ಉಕ್ಕು ಕಣ್ಣಿಗೆ ಕಾಣದಷ್ಟು ಕುಗ್ಗುತ್ತದೆ. ಅದಕ್ಕೆ ಅಂಟಿಸಿದ ತೆಳು ಲೋಹದ ಹಾಳೆಯೂ ಜೊತೆಗೆ ಕುಗ್ಗುತ್ತದೆ, ಅದರ ವಿದ್ಯುತ್ ರೋಧ, ಅಂದರೆ ಕರೆಂಟನ್ನು ತಡೆಯುವ ಗುಣ, ಬದಲಾಗುತ್ತದೆ. ಎಳೆದ ತಂತಿಯ ರೋಧ ಬದಲಾಗುತ್ತದೆ ಎಂದು ಲಾರ್ಡ್ ಕೆಲ್ವಿನ್ 1856ರಲ್ಲೇ ತೋರಿಸಿದ್ದರು. ಅದು ಅಳತೆಯ ಸಾಧನವಾಗಿದ್ದು 1938ರಲ್ಲಿ. ಅಮೆರಿಕದ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಉಪಾಯಕ್ಕೆ ಬಂದರು. ಭೂಕಂಪದಲ್ಲಿ ನೀರಿನ ಟ್ಯಾಂಕ್‌ಗಳು ಹೇಗೆ ಅಲುಗಾಡುತ್ತವೆ ಎಂದು ಅಳೆಯಲು ಹೊರಟಿದ್ದ ರೂಜ್, ಸಣ್ಣ ತಂತಿಯನ್ನು ಅಂಟಿಸಿ ನೋಡಿದ್ದರು.

ಆದರೆ ಬಿಸಿಲಿಗೂ ರೋಧ ಬದಲಾಗುತ್ತದೆ ಅಲ್ವಾ? ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಇದು ಸಣ್ಣ ಮಾತಲ್ಲ. ಇದಕ್ಕೆ ಮದ್ದು ಆಗಲೇ ಇತ್ತು. ನಾಲ್ಕು ರೋಧಗಳನ್ನು ಚೌಕವಾಗಿ ಜೋಡಿಸಿ ಹೋಲಿಸುವ ಸರ್ಕ್ಯೂಟನ್ನು ಸ್ಯಾಮ್ಯುಯೆಲ್ ಹಂಟರ್ ಕ್ರಿಸ್ಟಿ 1833ರಲ್ಲಿ ವಿವರಿಸಿದ್ದರು. 1843ರಲ್ಲಿ ಅದನ್ನು ಬಳಕೆಗೆ ತಂದ ಚಾರ್ಲ್ಸ್ ವೀಟ್‌ಸ್ಟನ್, ಇದು ಕ್ರಿಸ್ಟಿಯದು ಎಂದು ಹೇಳಿದ್ದರೂ ವೀಟ್‌ಸ್ಟನ್ ಬ್ರಿಡ್ಜ್ ಎಂದೇ ಹೆಸರಾಯಿತು. ಲೋಡ್ ಸೆಲ್‌ನಲ್ಲಿ ಇಂಥ ನಾಲ್ಕು ಹಾಳೆಗಳಿರುತ್ತವೆ. ಭಾರದ ದಿಕ್ಕಿಗೆ ಅಂಟಿಸಿದ ಎರಡು ಕುಗ್ಗುತ್ತವೆ, ಅಡ್ಡಕ್ಕೆ ಅಂಟಿಸಿದ ಎರಡು ಹಿಗ್ಗುತ್ತವೆ. ಬಿಸಿಲು ನಾಲ್ಕಕ್ಕೂ ಒಂದೇ, ಹಾಗಾಗಿ ಅದರ ಪ್ರಭಾವ ಬಹುಮಟ್ಟಿಗೆ ವಜಾ ಆಗುತ್ತದೆ. ಉಳಿಯುವುದು ಭಾರದ ವ್ಯತ್ಯಾಸ.

ಹಾಗೆ ಉಳಿಯುವುದು ಎಷ್ಟು? ಬ್ರಿಡ್ಜ್‌ಗೆ 10 ವೋಲ್ಟ್ ಕೊಟ್ಟರೆ, ಪೂರ್ತಿ ಭಾರಕ್ಕೆ ಸಾಮಾನ್ಯವಾಗಿ 20 ಮಿಲಿವೋಲ್ಟ್ ಸಿಗುತ್ತದೆ. 60 ಟನ್ನಿನ ಕಾಟಾ 10 ಕೆಜಿಯ ಹೆಜ್ಜೆಯಲ್ಲಿ ತೋರಿಸಬೇಕು ಎಂದರೆ 6,000 ಹೆಜ್ಜೆ. ಒಂದು ಹೆಜ್ಜೆಗೆ ಬರುವುದು ಒಂದು ವೋಲ್ಟಿನ ಮೂರು ಲಕ್ಷದಲ್ಲಿ ಒಂದು ಪಾಲು. ಸೆಲ್‌ಗಳ ಸಾಮರ್ಥ್ಯವನ್ನು ಜಾಸ್ತಿಯೇ ಇಡುವುದರಿಂದ ನಿಜಕ್ಕೂ ಸಿಗುವುದು ಇನ್ನೂ ಕಡಿಮೆ.

ಇಷ್ಟು ಚಿಕ್ಕ ಸಂಕೇತವನ್ನು ಕೆಡಿಸದೆ ದೊಡ್ಡದು ಮಾಡುವುದೇ ನಿಜವಾದ ಕಷ್ಟ. ಸಂಕೇತವನ್ನು ಹಿಗ್ಗಿಸುವ ಸರ್ಕ್ಯೂಟ್‌ಗೆ ಆಂಪ್ಲಿಫೈಯರ್ ಎನ್ನುತ್ತಾರೆ. ವಾಲ್ವ್ ಎಂಬ ಗಾಜಿನ ಕೊಳವೆಗಳಿಂದ ಮಾಡಿದ ಹಳೇ ಆಂಪ್ಲಿಫೈಯರ್‌ಗಳ ಹಿಗ್ಗಿಸುವ ಶಕ್ತಿ ವಯಸ್ಸಾದಂತೆ, ಕಾದಂತೆ ಬದಲಾಗುತ್ತಿತ್ತು. ಟೆಲಿಫೋನ್ ಲೈನ್‌ಗಳಿಗಾಗಿ ಇದೇ ತೊಂದರೆಯ ಜೊತೆ ಹೋರಾಡುತ್ತಿದ್ದವರು ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಹೆರಾಲ್ಡ್ ಬ್ಲ್ಯಾಕ್. 1927ರ ಆಗಸ್ಟ್ 2ರಂದು ಹಡ್ಸನ್ ನದಿ ದಾಟುವ ಫೆರಿಯಲ್ಲಿ ಕೆಲಸಕ್ಕೆ ಹೋಗುವಾಗ ಅವರಿಗೆ ಉತ್ತರ ಹೊಳೆಯಿತು. ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಪುಟದ ಮೇಲೇ ಬರೆದರು. ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಹಿಗ್ಗಿಸು. ಹೊರಬಂದದ್ದರಲ್ಲಿ ಒಂದು ಪಾಲನ್ನು ಹಿಂದಕ್ಕೆ ತಂದು ಒಳಬರುವುದರಿಂದ ಕಳೆ. ಆಗ ಒಟ್ಟು ಹಿಗ್ಗುವಿಕೆಯನ್ನು ವಾಲ್ವ್ ತೀರ್ಮಾನಿಸುವುದಿಲ್ಲ, ಎರಡು ರೆಸಿಸ್ಟರ್‌ಗಳ (ಗೊತ್ತಾದ ರೋಧವಿರುವ ಬಿಡಿಭಾಗಗಳ) ಅನುಪಾತ ತೀರ್ಮಾನಿಸುತ್ತದೆ. ಕಷ್ಟಪಟ್ಟು ಗಳಿಸಿದ ಶಕ್ತಿಯನ್ನು ಬೇಕೆಂದೇ ಬಿಟ್ಟುಕೊಡುವ ಈ ಮಾತನ್ನು ಯಾರೂ ಸುಲಭಕ್ಕೆ ನಂಬಲಿಲ್ಲ. ಪೇಟೆಂಟ್ ಸಿಗುವಷ್ಟರಲ್ಲಿ 1937 ಆಗಿತ್ತು. ನನ್ನ ಮಟ್ಟಿಗೆ ಎಲೆಕ್ಟ್ರಾನಿಕ್ಸ್‌ನಲ್ಲಿ ಇದಕ್ಕಿಂತ ದೊಡ್ಡ ಉಪಾಯ ಇಲ್ಲ.

ಇದರ ಮೇಲೇ ಆಪ್-ಆಂಪ್ (ಆಪರೇಷನಲ್ ಆಂಪ್ಲಿಫೈಯರ್), ಅಂದರೆ ಹಲವು ಕೆಲಸಕ್ಕೆ ಬಳಸಬಹುದಾದ ಸಿದ್ಧ ಆಂಪ್ಲಿಫೈಯರ್, ನಿಂತಿತು. ತುಂಗಭದ್ರಾ ಅಣೆಕಟ್ಟು ಮುಗಿದ 1953ರ ಹೊತ್ತಿಗೇ ಜಾರ್ಜ್ ಫಿಲ್‌ಬ್ರಿಕ್ ಅವರ ಕೆ2-ಡಬ್ಲ್ಯೂ ಎಂಬ ವಾಲ್ವ್ ಆಪ್-ಆಂಪ್ ಮಾರುಕಟ್ಟೆಗೆ ಬಂದಿತ್ತು. ಅದಕ್ಕೆ 300 ವೋಲ್ಟ್ ಬೇಕಿತ್ತು! ಅದನ್ನು ಚಿಪ್ಪಿಗೆ ಇಳಿಸಿದವರಲ್ಲಿ ಫೇರ್‌ಚೈಲ್ಡ್ ಕಂಪನಿಯ ಬಾಬ್ ವಿಡ್ಲರ್ ಮುಖ್ಯರು. ಸಿಲಿಕಾನ್‌ನಲ್ಲಿ ನಿಖರ ಬೆಲೆಯ ಬಿಡಿಭಾಗ ಮಾಡುವುದು ಕಷ್ಟ, ಆದರೆ ಪಕ್ಕಪಕ್ಕದ ಎರಡು ಟ್ರಾನ್ಸಿಸ್ಟರ್‌ಗಳು ಅವಳಿಗಳಂತೆ ಹೊಂದುತ್ತವೆ. ಆ ಹೊಂದಾಣಿಕೆಯನ್ನೇ ನಂಬಿ ಅವರು ಸರ್ಕ್ಯೂಟ್ ಕಟ್ಟಿದರು. 1965ರಲ್ಲಿ ಅವರ 709 ಎಂಬ ಆಪ್-ಆಂಪ್ ಚಿಪ್ ಬಂತು. 1968ರಲ್ಲಿ ಡೇವ್ ಫುಲ್ಲಗರ್ ಅವರ 741 ಬಂತು, ನಮ್ಮ ಡಿಪ್ಲೊಮಾ ಹುಡುಗರು ಲ್ಯಾಬ್‌ನಲ್ಲಿ ಇವತ್ತಿಗೂ ಬಳಸುವುದು ಅದನ್ನೇ.

ಕಾಟಾಕ್ಕೆ ಮಾತ್ರ 741 ಸಾಲದು. ಅದರ ಸ್ವಂತ ದೋಷವೇ ಸುಮಾರು 1 ಮಿಲಿವೋಲ್ಟ್. ಮೇಲಿನ ಲೆಕ್ಕದಲ್ಲಿ ಅದು 3 ಟನ್‌ಗೆ ಸಮ. ಸೊನ್ನೆಗೆ ತಂದು ಇಟ್ಟರೂ ಬಿಸಿಲೇರಿದಂತೆ ಸರಿಯುತ್ತದೆ. ಒಳಬರುವ ಸಂಕೇತವನ್ನು ಸತತವಾಗಿ ಕಡಿದು ಕಡಿದು ನೋಡಿ ಈ ದೋಷವನ್ನು ಬೇರ್ಪಡಿಸುವ ಚಾಪರ್ ವಿಧಾನವನ್ನು ಆರ್‌ಸಿಎ ಕಂಪನಿಯ ಎಡ್ವಿನ್ ಗೋಲ್ಡ್‌ಬರ್ಗ್ 1949ರಲ್ಲೇ ಆಂಪ್ಲಿಫೈಯರ್‌ಗೆ ಜೋಡಿಸಿದ್ದರು. ಟೋಕಿಯೋದ ಇನೋಸೆ ಮತ್ತು ಯಸುದಾ 1962ರಲ್ಲಿ ಡೆಲ್ಟಾ-ಸಿಗ್ಮಾ ವಿಧಾನ ಕೊಟ್ಟರು. ಅದರಲ್ಲಿ ಒರಟಾದ ಹೋಲಿಕೆಯನ್ನೇ ಬಲು ವೇಗವಾಗಿ ಮತ್ತೆ ಮತ್ತೆ ಮಾಡಿ, ಸರಾಸರಿಯಿಂದ ನಿಖರ ಅಂಕಿ ತೆಗೆಯುತ್ತಾರೆ. ಇವತ್ತಿನ ತೂಕದ ಯಂತ್ರಗಳಲ್ಲಿ ಸಂಕೇತವನ್ನು ಅಂಕಿಯಾಗಿಸುವ 24 ಬಿಟ್ ಚಿಪ್‌ಗಳ ಒಳಗೆ ಇರುವುದು ಇದೇ. ಬ್ರಿಡ್ಜ್‌ಗೂ, ಹೋಲಿಕೆಯ ಅಳತೆಗೋಲಾಗಿ ಚಿಪ್‌ಗೂ ಒಂದೇ ವೋಲ್ಟೇಜ್ ಕೊಡುತ್ತಾರೆ. ಅದು ಸ್ವಲ್ಪ ಏರಲಿ, ಇಳಿಯಲಿ, ಅನುಪಾತ ಬದಲಾಗದು. ಕರೆಂಟ್ ಏರಿಳಿಯುವ ನಮ್ಮ ಕಡೆ ಇದು ದೊಡ್ಡ ಉಪಕಾರ.

ಹಾಗಾದರೆ ತೂಕ ತಪ್ಪುವುದು ಎಲ್ಲಿ? ಚಿಪ್‌ನಲ್ಲಿ ಅಪರೂಪ. ಹಾಸಿನ ಸಂದಿಯಲ್ಲಿ ಸೇರಿದ ಮಣ್ಣು, ಸೆಲ್‌ಗಳ ತಂತಿಗಳು ಸೇರುವ ಜಂಕ್ಷನ್ ಬಾಕ್ಸಿಗೆ ಇಳಿದ ತೇವ, ಇಲಿ ಕಡಿದ ಕೇಬಲ್, ಇಲ್ಲವೇ ಯಾರೋ ಬದಲಿಸಿದ ಕ್ಯಾಲಿಬ್ರೇಷನ್ (ಎಷ್ಟು ಸಂಕೇತಕ್ಕೆ ಎಷ್ಟು ಕೆಜಿ ಎಂಬ ಹೊಂದಿಕೆ). ಅದಕ್ಕೇ ಟ್ರಾಲಿ ಹತ್ತುವ ಮೊದಲು ಅಂಕಿ ಸೊನ್ನೆಯಲ್ಲಿದೆಯೇ ನೋಡಿ. ಖಾಲಿ ಟ್ರಾಲಿಯನ್ನೂ ಅದೇ ಕಾಟಾದಲ್ಲಿ, ಅದೇ ದಿನ ತೂಗಿಸಿ. ಸೊನ್ನೆ ಸರಿದಿದ್ದರೂ ಎರಡು ತೂಕಗಳನ್ನು ಕಳೆದಾಗ ಆ ತಪ್ಪು ವಜಾ ಆಗುತ್ತದೆ. ಕ್ಯಾಲಿಬ್ರೇಷನ್ ಬದಲಾಗಿದ್ದರೆ ಮಾತ್ರ ಹಾಗಾಗದು, ಕ್ವಿಂಟಲ್‌ಗೆ ಇಷ್ಟು ಅಂತ ತಪ್ಪು ಉಳಿದೇ ಉಳಿಯುತ್ತದೆ. ಅದನ್ನು ಹಿಡಿಯಲು ಪ್ರಮಾಣಿತ ತೂಕದ ಕಲ್ಲುಗಳನ್ನೇ ಹಾಸಿನ ಮೇಲಿಡಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರಿಶೀಲನೆಯಲ್ಲಿ ಮಾಡುವುದು ಇದನ್ನೇ. ಪರಿಶೀಲನೆಯ ಪ್ರಮಾಣಪತ್ರ ಯಾವ ತಾರೀಖಿನದು ಎಂದು ತೂಗಿಸುವ ಪ್ರತಿಯೊಬ್ಬರೂ ಕೇಳಬಹುದು.