ಹವಳ ಕಟ್ಟಿದ, ಮೀನು ಬೀಸಿದ ನೆಲ

ಮಂಗಳೂರಿನ ಹಳೆ ಬಂದರಿಗೆ ಚಳಿಗಾಲದ ಒಂದು ಬೆಳಿಗ್ಗೆ ಹೋದರೆ ಮಂಜಿಗಳಿಗೆ ಸರಕು ಏರಿಸುವುದನ್ನು ನೋಡಬಹುದು. ಈರುಳ್ಳಿ ಮೂಟೆ, ತರಕಾರಿ ಬುಟ್ಟಿ, ಸಿಮೆಂಟ್ ಚೀಲ. ಇವೆಲ್ಲ ಸರಿ. ಆದರೆ ಜಲ್ಲಿ? ಮೊದಲ ಸಲ ಕಂಡಾಗ ನನಗೆ ನಗು ಬಂದಿತ್ತು. ಜಲ್ಲಿಕಲ್ಲನ್ನು ಮರದ ಹಡಗಿಗೆ ಹೇರಿ ಸುಮಾರು ಮುನ್ನೂರು ಕಿಲೋಮೀಟರ್ ಸಮುದ್ರ ದಾಟಿಸುತ್ತಾರೆಂದರೆ ಅದೆಂಥ ಊರಿರಬೇಕು!

ಕಲ್ಲೇ ಇಲ್ಲದ ಊರು. ಲಕ್ಷದ್ವೀಪದಲ್ಲಿ ಬೆಟ್ಟವಿಲ್ಲ, ಬಂಡೆಯಿಲ್ಲ, ಹೊಳೆಯಿಲ್ಲ. ಕಾಲ ಕೆಳಗಿರುವುದೆಲ್ಲ ಒಂದಾನೊಂದು ಕಾಲಕ್ಕೆ ಯಾವುದೋ ಜೀವಿಯ ಮೈಯಾಗಿದ್ದದ್ದು: ಹವಳದ ತುಂಡು, ಚಿಪ್ಪಿನ ಚೂರು, ಸುಣ್ಣ ಕಟ್ಟುವ ಪಾಚಿಯ ಪುಡಿ. ಹೆಸರಿನಲ್ಲಿ ಲಕ್ಷವಿದ್ದರೂ ಲೆಕ್ಕಕ್ಕೆ ಸಿಗುವುದು 36 ದ್ವೀಪ. ಎಲ್ಲವನ್ನೂ ಒಟ್ಟುಗೂಡಿಸಿದರೆ ನೆಲ ಕೇವಲ 32 ಚದರ ಕಿಲೋಮೀಟರ್. ಅದರಲ್ಲೇ 2011ರ ಜನಗಣತಿಯ ಪ್ರಕಾರ 64,473 ಜನ. ಬಹುಪಾಲು ನೆಲ ಸಮುದ್ರಮಟ್ಟದಿಂದ ಎರಡು ಆಳೆತ್ತರವೂ ಇಲ್ಲ.

ಹಾಗೆಂದು ತಳದಲ್ಲೂ ಕಲ್ಲಿಲ್ಲವೆಂದಲ್ಲ. ಅದು ಬಹಳ ಆಳದಲ್ಲಿದೆ, ಮತ್ತು ಅದಕ್ಕೂ ನಮ್ಮ ಬೀದರ್, ಕಲಬುರಗಿ, ವಿಜಯಪುರದ ಕಪ್ಪು ಕಲ್ಲಿಗೂ ದಾಯಾದಿ ಸಂಬಂಧವಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭಾರತದ ಭೂಫಲಕ ಇಂದಿನ ರಿಯೂನಿಯನ್ ದ್ವೀಪದ ಬಳಿಯ ಬಿಸಿತಾಣದ, ಅಂದರೆ ಭೂಮಿಯ ಒಳಗಿನಿಂದ ಬಿಸಿ ಶಿಲಾರಸ ಉಕ್ಕುವ ಜಾಗದ, ಮೇಲೆ ಹಾಯುತ್ತಿತ್ತು. ಆಗ ನೆಲ ಸೀಳಿಕೊಂಡು ಹರಿದ ಲಾವಾ ದಖ್ಖನ್ ಪ್ರಸ್ಥಭೂಮಿಯ ಕಪ್ಪು ಕಲ್ಲಾಯಿತು. ಅದು ಸವೆದು ಬಂದದ್ದೇ ಉತ್ತರ ಕರ್ನಾಟಕದ ಎರೆಮಣ್ಣು. ಫಲಕ ಉತ್ತರಕ್ಕೆ ಸರಿಯುತ್ತಲೇ ಇತ್ತು, ಕೆಳಗಿನ ಒಲೆ ಮಾತ್ರ ಆರಲಿಲ್ಲ. ಹಾಗೆ ಸಾಲಾಗಿ ಎದ್ದ ಜ್ವಾಲಾಮುಖಿಗಳು ಲಕ್ಷದ್ವೀಪದಿಂದ ಮಾಲ್ಡೀವ್ಸ್, ಚಾಗೋಸ್‌ವರೆಗೆ ಸಮುದ್ರದಡಿಯ ಒಂದು ಏಣಾಗಿ ಉಳಿದವು. ಜೋಳ ಬೆಳೆಯುವ ಹೊಲವೂ ತೆಂಗು ನಿಂತ ದ್ವೀಪವೂ ಒಂದೇ ಒಲೆಯ ಅಡುಗೆ.

ಜ್ವಾಲಾಮುಖಿಗಳು ತಣ್ಣಗಾಗಿ ಕುಸಿದವು. ಅವುಗಳ ಅಂಚಿನಲ್ಲಿ ಬೇರೂರಿದ್ದ ಹವಳಗಳು ಮಾತ್ರ ಬೆಳಕು ಬಿಟ್ಟು ಬದುಕಲಾರವು. ಅವುಗಳ ಮೈಯೊಳಗೆ ಬಾಡಿಗೆಗಿರುವ ಸೂಕ್ಷ್ಮ ಪಾಚಿಗೆ ಬಿಸಿಲು ಬೇಕು, ಹವಳಕ್ಕೆ ಆ ಪಾಚಿ ಬೇಯಿಸಿಕೊಡುವ ಊಟ ಬೇಕು. ಬೆಟ್ಟ ಮುಳುಗಿದಷ್ಟೂ ಹವಳ ಮೇಲಕ್ಕೆ ಕಟ್ಟುತ್ತ ಹೋಯಿತು. ಕೊನೆಗೆ ಬೆಟ್ಟ ಮರೆಯಾಗಿ ಅದರ ಸುತ್ತಲಿನ ಉಂಗುರ ಉಳಿಯಿತು, ನಡುವೆ ತಿಳಿನೀರಿನ ಲಗೂನು. ಇಂಥ ಉಂಗುರಗಳು ಹುಟ್ಟುವ ಬಗೆಯನ್ನು ಚಾರ್ಲ್ಸ್ ಡಾರ್ವಿನ್ 1842ರಲ್ಲೇ ವಿವರಿಸಿದ್ದ. ಉಂಗುರಕ್ಕೆ ಲೋಕವೆಲ್ಲ ಬಳಸುವ ‘ಅಟಾಲ್’ ಎಂಬ ಪದ ಮಾಲ್ಡೀವ್ಸ್‌ನ ದಿವೇಹಿ ಭಾಷೆಯದು. ಲಕ್ಷದ್ವೀಪದ ದಕ್ಷಿಣ ತುದಿಯ ಮಿನಿಕಾಯ್‌ನಲ್ಲಿ ಇಂದಿಗೂ ಆಡುವುದು ಅದರದೇ ಒಂದು ರೂಪ, ಮಹಲ್. ಉಳಿದ ದ್ವೀಪಗಳದು ಮಲಯಾಳದ ಬಳಗದ ಜೆಸರಿ.

ಉಂಗುರವೇನೋ ಆಯಿತು, ಅದರ ಮೇಲೆ ಮರಳು ಎಲ್ಲಿಂದ ಬಂತು? ಅಲೆ ಒಡೆದು ಹಾಕಿದ್ದು ಒಂದಷ್ಟು. ಇನ್ನೊಂದಷ್ಟನ್ನು ಗಿಳಿಮೀನು ಬೀಸಿಕೊಟ್ಟಿತು. ಗಿಳಿಯ ಕೊಕ್ಕಿನಂತೆ ಹಲ್ಲು ಕೂಡಿಕೊಂಡಿರುವ ಈ ಬಣ್ಣದ ಮೀನು ಹವಳದ ಮೇಲಿನ ಪಾಚಿಯನ್ನು ಕಲ್ಲುಸಮೇತ ಕೆರೆದು ತಿನ್ನುತ್ತದೆ. ನೀರಿನೊಳಗೆ ಕಿವಿಗೊಟ್ಟರೆ ಆ ಕರಕರ ಸದ್ದು ಕೇಳುತ್ತದೆ. ಗಂಟಲಲ್ಲಿ ಇನ್ನೊಂದು ಜೊತೆ ಹಲ್ಲುಗಳಿವೆ, ಅವು ಬೀಸುಕಲ್ಲು. ಪಾಚಿ ಹೊಟ್ಟೆಗೆ, ಹಿಟ್ಟಾದ ಸುಣ್ಣ ಹಿಂದಿನಿಂದ ಹೊರಗೆ. ದೊಡ್ಡ ಜಾತಿಯ ಒಂದೇ ಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಹೊರಹಾಕಬಲ್ಲದು. ಮಾಲ್ಡೀವ್ಸ್‌ನ ವಕ್ಕಾರು ದ್ವೀಪದ ಹವಳದಿಬ್ಬದಲ್ಲಿ ಲೆಕ್ಕ ಹಾಕಿದವರು, ಅಲ್ಲಿ ಹೊಸದಾಗಿ ಹುಟ್ಟುವ ಮರಳಿನಲ್ಲಿ ಶೇ. 85ಕ್ಕೂ ಹೆಚ್ಚು ಗಿಳಿಮೀನಿನದೇ ಎಂದು 2015ರಲ್ಲಿ ತೋರಿಸಿದರು. ಮಧುಚಂದ್ರಕ್ಕೆ ಹೋಗಿ ಬೆಳ್ಳನೆಯ ಮರಳಿನ ಮೇಲೆ ಒರಗಿ ಫೋಟೊ ತೆಗೆಸಿಕೊಳ್ಳುವವರಿಗೆ ಇದನ್ನು ಹೇಳಬೇಕೋ ಬೇಡವೋ!

ಹೊಳೆಯಿಲ್ಲದ ಊರಿನ ಬಾವಿಯಲ್ಲಿ ಸಿಹಿನೀರು ಸಿಗುವುದು ಇನ್ನೊಂದು ಸೋಜಿಗ. ಮಳೆನೀರು ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ. ಸಿಹಿನೀರು ಹಗುರ, ಉಪ್ಪುನೀರು ಭಾರ. ದ್ವೀಪದ ನಡುವೆ ದಪ್ಪ, ಅಂಚಿಗೆ ತೆಳು. ಬೂದುಗಾಜಿನ ಆಕಾರದ ಒಂದು ನೀರಿನ ಪದರ. ಕೊಡದಿಂದ ಸೇದುವಷ್ಟು ದಿನ ಅದು ತಾಳಿಕೊಂಡಿತ್ತು. ಪಂಪು ಹಚ್ಚಿ ಮೇಲಿನ ಒಂದಡಿ ಸಿಹಿನೀರು ಇಳಿಸಿದರೆ, ಸಿದ್ಧಾಂತದ ಲೆಕ್ಕದಲ್ಲಿ ಕೆಳಗಿನ ಉಪ್ಪು ಸುಮಾರು ನಲವತ್ತಡಿ ಮೇಲೇರಿ ಬರುತ್ತದೆ. ಅದಕ್ಕೇ 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ಕೊಡುವ ಸ್ಥಾವರ ಬಂತು. ಮೇಲಿನ ಬೆಚ್ಚನೆಯ ಕಡಲನೀರನ್ನು ಒತ್ತಡ ತಗ್ಗಿಸಿ ಆವಿ ಮಾಡುವುದು, ಆಳದಿಂದ ಎಳೆದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುವುದು. ಉಪಾಯ ಅಷ್ಟೇ.

ಈ ದ್ವೀಪಗಳ ಇತಿಹಾಸವನ್ನು ತೆಂಗಿನ ನಾರಿನ ಹಗ್ಗದಲ್ಲೇ ಪೋಣಿಸಬಹುದು. ಕಣ್ಣೂರಿನ ಅರಕ್ಕಲ್ ಮನೆತನದ ಅಲಿ ರಾಜರ ಆಡಳಿತದಲ್ಲಿ ನಾರಿನ ವ್ಯಾಪಾರವೆಲ್ಲ ಆಳುವವರ ಕೈಯಲ್ಲಿತ್ತು. ಬೇಸತ್ತ ಅಮಿನಿಯ ಜನ ಕಡಲು ದಾಟಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಮೊರೆ ಹೊಕ್ಕರು. 1787ರಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಐದೂ ಮೈಸೂರಿನ ಪಾಲಾದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯ ಕೈಸೇರಿದವು, ಆಡಳಿತ ಮಾತ್ರ ಮಂಗಳೂರಿನಿಂದಲೇ. ಮುಂದೆ ದಕ್ಷಿಣ ಕೆನರಾ ಜಿಲ್ಲೆಯ ಭಾಗವಾಗಿಯೇ ಉಳಿದ ಇವು ಬೇರೆಯಾದದ್ದು 1956ರ ನವೆಂಬರ್ 1ರಂದು. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದ ಅದೇ ದಿನ! ನಾವು ರಾಜ್ಯೋತ್ಸವ ಆಚರಿಸುವ ದಿನವೇ ಅಲ್ಲಿಯವರು ಕೇಂದ್ರಾಡಳಿತ ಪ್ರದೇಶದ ಹುಟ್ಟುಹಬ್ಬ ಆಚರಿಸುತ್ತಾರೆ. ಕಡತಗಳು ಬೇರೆಯಾದರೂ ಮಂಜಿಗಳು ದಾರಿ ಬದಲಿಸಲಿಲ್ಲ. ಮಳೆಗಾಲ ಮುಗಿದು ಸೆಪ್ಟೆಂಬರಿನಲ್ಲಿ ಕಡಲು ತಣಿದ ಮೇಲೆ ಮತ್ತೆ ಹೊರಡುತ್ತವೆ.

ಪ್ರಾಣಿಗಳ ಮಾತಿಗೆ ಬಂದರೆ ನೆಲದ ಮೇಲೆ ಹೇಳಿಕೊಳ್ಳುವಂಥದ್ದು ಕಡಿಮೆ. ತೆಂಗಿನ ತುದಿಯಲ್ಲೇ ಸಂಸಾರ ಹೂಡಿ ಎಳನೀರು ಕೊರೆಯುವ ಇಲಿ, ದಂಡೆಯ ಏಡಿ. ಕವರತ್ತಿಯ ವಾಯವ್ಯಕ್ಕೆ ಪಿಟ್ಟಿ ಎಂಬ ಮೂರೆಕರೆಯ ಮರಳುದಿಬ್ಬವೊಂದಿದೆ. ಮರವಿಲ್ಲ, ಮನೆಯಿಲ್ಲ, ಬರೀ ಹಕ್ಕಿ. ಕಪ್ಪು ಬೆನ್ನಿನ ಕಡಲ ರೀವಗಳು ಇಲ್ಲಿ ಬರಿಮರಳಿನ ಮೇಲೆಯೇ ಮೊಟ್ಟೆಯಿಡುತ್ತವೆ. ಈ ಜಾತಿಯ ಮರಿ ಒಮ್ಮೆ ರೆಕ್ಕೆ ಬಲಿತು ಹಾರಿತೆಂದರೆ ಕೆಲವು ವರ್ಷ ನೆಲ ಮುಟ್ಟುವುದೇ ಇಲ್ಲ. ಗರಿಗೆ ಎಣ್ಣೆಯ ಲೇಪ ಸಾಲದು, ನೀರಿನ ಮೇಲೆ ಕೂತರೆ ತೋಯ್ದು ಮುಳುಗುವ ಭಯ. ಹಾಗಾಗಿ ಗಾಳಿಯಲ್ಲೇ ವಾಸ.

ಲಗೂನಿನ ಕಥೆ ಇಷ್ಟು ಸರಳವಲ್ಲ. ಹಿಂದೆ ದೋಣಿಗೆ ಬಳಿಯುವ ಎಣ್ಣೆಗಾಗಿ ಹಸಿರು ಕಡಲಾಮೆಯನ್ನು ಕೊಲ್ಲುತ್ತಿದ್ದರು. ಕಾನೂನು ಬಂತು, ಆಮೆ ಉಳಿಯಿತು, ಹೆಚ್ಚಿತು. ಅಗತ್ತಿಯ ಲಗೂನಿನಲ್ಲಿ ಅವು ಕಡಲಹುಲ್ಲನ್ನು ಬುಡಸಮೇತ ಮೇಯ್ದು ಬೋಳು ಮಾಡಿ ಮುಂದಿನ ದ್ವೀಪದ ಹುಲ್ಲಿಗೆ ಸಾಗಿದವು. ಹುಲ್ಲಿನ ಮರೆಯಲ್ಲಿ ಬೆಳೆಯುತ್ತಿದ್ದ ಮೀನೂ ಹೋಯಿತು. ಮೀನುಗಾರರು ಆಮೆಯನ್ನು ಶಪಿಸಿದರೆ ಅವರನ್ನು ಅಜ್ಞಾನಿಗಳೆನ್ನಲು ನನಗೆ ಮನಸ್ಸಾಗದು, ಅವರ ಬಲೆ ಖಾಲಿಯಾದದ್ದು ನಿಜ. ಆಮೆಯನ್ನು ಹಿಡಿತದಲ್ಲಿಡುತ್ತಿದ್ದ ದೊಡ್ಡ ಶಾರ್ಕ್‌ಗಳನ್ನು ಕಡಲಿನಿಂದ ತೆಗೆದವರು ಯಾರು ಎಂಬುದನ್ನೂ ಜೊತೆಗೆ ಕೇಳಬೇಕಷ್ಟೆ.

ಮಿನಿಕಾಯ್‌ನವರ ಟ್ಯೂನಾ ಬೇಟೆಗೆ ಬಲೆ ಬೇಡ. ಲಗೂನಿನಲ್ಲಿ ಹಿಡಿದ ಬೆರಳುದ್ದದ ಮೀನುಗಳನ್ನು ದೋಣಿಯ ತೊಟ್ಟಿಯಲ್ಲಿ ಜೀವಂತ ಒಯ್ದು, ಹಿಂಡು ಕಂಡಲ್ಲಿ ಎರಚುತ್ತಾರೆ. ಜೊತೆಗೆ ನೀರು ಚಿಮುಕಿಸುತ್ತಾರೆ, ಮೇಲ್ಮೈ ಕುದಿಯುತ್ತಿರುವಂತೆ ಕಾಣಲಿ ಎಂದು. ಆಮೇಲೆ ಗಾಳದ ಕೋಲು. ಕೊಕ್ಕೆಗೆ ಮುಳ್ಳಿಲ್ಲ, ಕಚ್ಚಿದ ಮೀನನ್ನು ತಲೆಯ ಮೇಲಿಂದ ಬೀಸಿದರೆ ತಾನೇ ಕಳಚಿ ದೋಣಿಗೆ ಬೀಳುತ್ತದೆ, ಕೋಲು ಆಗಲೇ ಮತ್ತೆ ನೀರಲ್ಲಿ. ಬೇಯಿಸಿ, ಹೊಗೆ ಹಾಕಿ, ಒಣಗಿಸಿದ ಟ್ಯೂನಾ ‘ಮಾಸ್’ ಆಗಿ ಮರದ ತುಂಡಿನಷ್ಟು ಗಟ್ಟಿಯಾಗುತ್ತದೆ. ಆ ಬೆರಳುದ್ದದ ಮೀನುಗಳಲ್ಲಿ ಎಷ್ಟೋ ಜಾತಿಗಳಿಗೆ ಹವಳದ ಕೊಂಬೆಗಳ ಸಂದಿಯೇ ಮನೆ.

ಆ ಮನೆ ಈಗ ಕುಸಿಯುತ್ತಿದೆ. ನೀರು ಅತಿಯಾಗಿ ಬಿಸಿಯಾದರೆ ಹವಳದ ಮೈಯಿಂದ ಬಾಡಿಗೆಯ ಪಾಚಿ ಹೊರಬೀಳುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ, ಬಿಸಿ ವಾರಗಟ್ಟಲೆ ಇಳಿಯದಿದ್ದರೆ ಸಾಯುತ್ತದೆ. 1998, 2010, 2016, ಮತ್ತೆ 2024ರಲ್ಲಿ ಹೀಗಾಯಿತು. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಈ ಹವಳದಿಬ್ಬಗಳನ್ನು ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಅಳೆಯುತ್ತ ಬಂದಿದ್ದಾರೆ. ಶೇ. 37ರಷ್ಟಿದ್ದ ಜೀವಂತ ಹವಳದ ಹೊದಿಕೆ ಶೇ. 20ರ ಆಸುಪಾಸಿಗೆ ಇಳಿದಿದೆ.

ಬಂಗಾರಂ ಉಂಗುರದಲ್ಲಿ ಪರಳಿ-1 ಎಂಬ ಪುಟ್ಟ ದ್ವೀಪವಿತ್ತು. 1968ರಲ್ಲಿ ಅದರ ವಿಸ್ತೀರ್ಣ ಸುಮಾರು ಎಂಟು ಎಕರೆ. ಅಲೆಗಳು ಕೊರೆಯುತ್ತ ಬಂದವು, ಈಗ ಅಲ್ಲಿ ನೀರಷ್ಟೇ ಇದೆ. ಪಠ್ಯಪುಸ್ತಕಗಳಲ್ಲಿ, ಸರ್ಕಾರಿ ಲೆಕ್ಕದಲ್ಲಿ, ಮೇಲೆ ನಾನೇ ಬರೆದ ಸಾಲಿನಲ್ಲಿ ಇನ್ನೂ 36.